ವೆಸಾಲಿಯನೆಂಬ ವೈದ್ಯನ ಚರಿತ್ರೆ

ದೊಡ್ಡವರು ಹೇಳಿದ್ದನ್ನು ನಂಬುವದು ನಮಗೆ ಸುಲಭ. ನಮ್ಮ ಕಣ್ಣು ಕಂಡದ್ದನ್ನು ನಂಬುವದೇ ಕಷ್ಟ. ವೆಸಾಲಿಯನ ಚರಿತ್ರೆಯಿಂದ ಇದನ್ನು ತಿಳಿಯುತ್ತೇವೆ.

ಇವನು 1514ನೇ ಇಸವಿಯಲ್ಲಿ ಬ್ರಸೆಲ್ಸ್ ಪಟ್ಟಣದಲ್ಲಿ ಹುಟ್ಟಿದನು. ಆಗ ಯೂರೋಪಿನ ವೈದ್ಯರಿಗೆಲ್ಲಾ 1300 ವರುಷಗಳ ಹಿಂದಿನ ಗಾಲೆನನೆಂಬ ಗ್ರೀಕ್ ವೈದ್ಯನ ಮಾತೇ ಪ್ರಮಾಣವಾಗಿತ್ತು. ವಿದ್ಯಾಲಯದಲ್ಲಿ ಗುರುವು ಎತ್ತರವಾದ ಪೀಠದಲ್ಲಿ ಕೂತು ಗ್ರಂಥವನ್ನು ಓದುವನು. ಕೆಳಗೆ ಕ್ಷೌರಿಕನು ಶವವನ್ನು ಕೊಯ್ಯುವನು. ಓದಿದ್ದೂ ಕಂಡದ್ದೂ ಹೊಂದದಿದ್ದರೂ ಯಾರೂ ಬಾಯಿ ತೆರೆಯರು. 1537ರಲ್ಲಿ ಇತಾಲ್ಯದ ಪಾದುವದಲ್ಲಿ ಉಪಾಧ್ಯಾಯನಾದ ವೆಸಾಲಿಯನು ಪೀಠದಿಂದಿಳಿದು ತಾನೇ ಕತ್ತಿ ಹಿಡಿದನು. ಮನುಷ್ಯನ ಕೆಳದವಡೆಯಲ್ಲಿ ಎರಡು ಎಲುಬುಗಳುಂಟೆಂದು ಗಾಲೆನನು ಬರೆದಿದ್ದನು. ಇವನು ನೋಡಲಾಗಿ ಒಂದೇ ಇತ್ತು. ಗಾಲೆನನು ಮಂಗ ಮೊದಲಾದ ಮೃಗಗಳನ್ನು ಕೊಯ್ದು ನೋಡಿ ಮನುಷ್ಯನ ವಿಷಯ ಬರೆದನೆಂದು ಗೊತ್ತಾಯಿತು. ಇದನ್ನೆಲ್ಲಾ ವೆಸಾಲಿಯನು 1543ರಲ್ಲಿ ಬಾಸೆಲ್ ಪಟ್ಟಣದಲ್ಲಿ ಅಚ್ಚುಹಾಕಿಸಿದನು. ಪಾರಿಸಿನಲ್ಲಿ ಅವನಿಗೆ ಕಲಿಸಿದ್ದ ಸಿಲ್ವಿಯನು ಕೋಪಗೊಂಡು, ಗಾಲೆನನು ತಪ್ಪಲಿಲ್ಲ, ಮನುಷ್ಯರ ದೇಹವೇ ಅಂದಿನಿಂದ ಮಾರ್ಪಟ್ಟಿದೆ ಎಂದು ವಾದಿಸಿದನು.

ನಾವು ಸಿಲ್ವಿಯನನ್ನು ನೋಡಿ ನಗಬಾರದು. ಯಾಕಂದರೆ ಹೃದಯದ ನಡುಗೋಡೆಯಲ್ಲಿ ರಕ್ತ ಹಾಯುವ ರಂಧ್ರಗಳುಂಟೆಂದು ಗಾಲೆನನು ಹೇಳಿದ್ದನ್ನು ವೆಸಾಲಿಯನು ಸಹ, ಒಂದೂ ಕಾಣದಿದ್ದರೂ, ಮೊದಲನೆಯ ಮುದ್ರಣದಲ್ಲಿ ಬಹಿರಂಗವಾಗಿ ಅಲ್ಲಗಳೆಯಲಿಲ್ಲ. 1555ರ ಎರಡನೆಯ ಮುದ್ರಣದಲ್ಲಿ ಮಾತ್ರ ಸಂದೇಹವನ್ನು ತಿಳಿಸಿ, ತಾನು ಗಾಲೆನನಿಗೆ ಹೊಂದಿಸಿಕೊಂಡು ಬರೆದೆನೆಂದು ಒಪ್ಪಿಕೊಂಡನು. 1564ರಲ್ಲಿ ಯೆರೂಸಲೇಮಿನಿಂದ ಹಿಂದಿರುಗುವಾಗ ಜಾಂತೆ ದ್ವೀಪದಲ್ಲಿ ಮರಣ ಹೊಂದಿದನು.

ಹಿರಿಯರಿಗೆ ಮರ್ಯಾದೆ ತಕ್ಕದ್ದೇ. ಆದರೆ ಅವರ ಹೆಸರು ನಮ್ಮ ಕಣ್ಣಿಗೆ ಕಟ್ಟಿದ ಬಟ್ಟೆಯಾಗಬಾರದು. ಕಂಡದ್ದನ್ನು ಹೇಳಲು ಇಂಥವನಿಗೇ ಹನ್ನೆರಡು ವರುಷ ಹಿಡಿಯಿತು. ಆದಕಾರಣ ನಾವು ತಡವಾಗಿಯಾದರೂ ಹೇಳುವವರಾಗೋಣ.