ಗ್ರೆಚ್ಚಿಯೋದ ಗೋದಲಿ, ಮಕ್ಕಳ ಕೈಯ ಮಣ್ಣು

ಆಗಮನ ಕಾಲದ ಎರಡನೆಯ ವಾರ ಬಂತೆಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿಯ ಕಥೋಲಿಕ ಮನೆಗಳಲ್ಲಿ ಗೋದಲಿಯ ಮಾತು ಆರಂಭವಾಗುತ್ತದೆ. ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಗೊಂಬೆಗಳಲ್ಲಿ ಒಬ್ಬ ಜ್ಞಾನಿಯ ಕೈ ಮುರಿದಿರುತ್ತದೆ, ಒಂದು ಕುರಿಗೆ ಕಿವಿಯೇ ಇರುವುದಿಲ್ಲ. ಅಂಗಡಿಯಿಂದ ಹೊಸದನ್ನು ತರೋಣವೆಂದು ಹಿರಿಯರು ಯೋಚಿಸುವಷ್ಟರಲ್ಲಿ ಮಕ್ಕಳು ಮಣ್ಣು ಕಲಸಿ ಕುರಿ ಮಾಡಲು ಕುಳಿತಿರುತ್ತಾರೆ. ಈ ಎರಡರಲ್ಲಿ ಯಾವುದಕ್ಕೆ ಹಜಾರದಲ್ಲಿ ಸ್ಥಾನ ಎಂಬುದು ಅನೇಕ ಮನೆಗಳ ಚಿಕ್ಕ ಜಗಳ. ಅದನ್ನು ತೀರ್ಮಾನಿಸುವ ಮುನ್ನ, ಗೋದಲಿಯ ಭಕ್ತಿಯನ್ನು ನಮ್ಮ ಮನೆಗಳವರೆಗೆ ಹರಿಯಿಸಿದ ಮಹಾನುಭಾವರ ಬಾಳನ್ನೊಮ್ಮೆ ನೆನೆಯುವುದು ಲೇಸು.

ಅಸ್ಸಿಸಿಯ ಸಂತ ಫ್ರಾನ್ಸಿಸರು 1181ರ ಕೊನೆಯಲ್ಲೋ 1182ರಲ್ಲೋ ಇಟಲಿಯ ಉಂಬ್ರಿಯ ಪ್ರಾಂತದಲ್ಲಿ ಜನಿಸಿದರು. ತಂದೆ ಪಿಯೆತ್ರೊ ಬೆರ್ನಾರ್ದೊನೆ ಸಿರಿವಂತ ಬಟ್ಟೆ ವರ್ತಕರು, ತಾಯಿ ಪಿಕಾ. ಜ್ಞಾನಸ್ನಾನದಲ್ಲಿ ಮಗುವಿಗೆ ಇಟ್ಟ ಹೆಸರು ಜೊವಾನ್ನಿ. ಫ್ರಾನ್ಸೆಸ್ಕೊ ಎಂದು ಕರೆದದ್ದು ತಂದೆ. ಯೌವನ ಹಾಡಿನಲ್ಲಿ, ಗೆಳೆಯರ ಔತಣಗಳಲ್ಲಿ ಕಳೆಯಿತು. 1202ರಲ್ಲಿ ಪೆರೂಜಿಯದ ಮೇಲಿನ ಯುದ್ಧದಲ್ಲಿ ಸೆರೆಸಿಕ್ಕಿ, ಸುಮಾರು ಒಂದು ವರ್ಷ ಬಂದಿಯಾಗಿ, ಕಾಯಿಲೆ ಬಿದ್ದು ಮರಳಿದ ತರುಣ ಮೊದಲಿನವನಾಗಿರಲಿಲ್ಲ. ಕುಷ್ಠರೋಗಿಗಳನ್ನು ಕಂಡರೆ ಅಸಹ್ಯಪಡುತ್ತಿದ್ದವನು ಅವರ ಸೇವೆಗೆ ನಿಂತ.

ಪಾಳುಬಿದ್ದಿದ್ದ ಸಂತ ದಮಿಯಾನರ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದಾಗ, ಕುಸಿಯುತ್ತಿರುವ ತನ್ನ ಮನೆಯನ್ನು ದುರಸ್ತಿ ಮಾಡುವಂತೆ ಶಿಲುಬೆಯ ಮೇಲಿನ ಪ್ರಭು ಅಪ್ಪಣೆ ಕೊಟ್ಟಂತೆ ಅವರಿಗೆ ಕೇಳಿಸಿತು. ದರ್ಶನಶಾಸ್ತ್ರ ಓದಿದ ನಮ್ಮಂಥವರಾಗಿದ್ದರೆ ಆ ಮಾತಿನ ಗೂಢಾರ್ಥವೇನೆಂದು ಚಿಂತಿಸುತ್ತಾ ಕುಳಿತಿರುತ್ತಿದ್ದೆವು. ಫ್ರಾನ್ಸಿಸರು ಕಲ್ಲು ಬೇಡಲು ಹೊರಟರು. ಬೇಡಿ ತಂದ ಕಲ್ಲನ್ನು ಹೆಗಲ ಮೇಲೆ ಹೊತ್ತು, ಗಾರೆ ಕಲಸಿ, ಗೋಡೆ ಕಟ್ಟಿದರು. ಇದಕ್ಕಾಗಿ ತಂದೆಯ ಬಟ್ಟೆಯನ್ನು ಮಾರಿದ್ದರಿಂದ ದೊಡ್ಡ ರಂಪವಾಗಿ, 1206ರಲ್ಲಿ ಧರ್ಮಾಧ್ಯಕ್ಷರ ಎದುರಿನಲ್ಲಿಯೇ ಮೈಮೇಲಿನ ಉಡುಪನ್ನೂ ಕಳಚಿ ತಂದೆಗೆ ಒಪ್ಪಿಸಿಬಿಟ್ಟರು. ದೇವರ ಮಾತನ್ನು ಮೊದಲು ಕೈಯಿಂದ ಅರಿತುಕೊಳ್ಳುವ ಈ ಸ್ವಭಾವವೇ ಮುಂದೆ ಗ್ರೆಚ್ಚಿಯೋದಲ್ಲಿ ಫಲಕೊಟ್ಟಿತೆಂದು ನಮ್ಮ ನಂಬಿಕೆ.

1209ರಲ್ಲಿ ಜಗದ್ಗುರು ಮೂರನೆಯ ಇನ್ನೊಸೆಂಟರು ಅವರ ಪುಟ್ಟ ಸಹೋದರ ಬಳಗಕ್ಕೆ ಬಾಯಿಮಾತಿನ ಒಪ್ಪಿಗೆ ಕೊಟ್ಟರು. 1219ರಲ್ಲಿ ಶಿಲುಬೆಯುದ್ಧದ ನಡುವೆ ಈಜಿಪ್ಟಿಗೆ ಹೋಗಿ ಸುಲ್ತಾನ ಅಲ್ ಕಾಮಿಲನನ್ನು ಶಾಂತಿಯಿಂದ ಕಂಡುಬಂದರು. ಅಷ್ಟರಲ್ಲಿ ಬಳಗ ಸಾವಿರಗಳಿಗೆ ಬೆಳೆದು, ಬಡತನದ ವ್ರತವನ್ನು ಎಷ್ಟು ಬಿಗಿಯಾಗಿ ಪಾಲಿಸಬೇಕೆಂಬ ಜಗಳವೂ ಬೆಳೆದಿತ್ತು. ಅವರು ನಾಯಕತ್ವವನ್ನೇ ಬಿಟ್ಟುಕೊಟ್ಟಿದ್ದರು. ಕಣ್ಣಿನ ಬೇನೆ ಕಾಡುತ್ತಿತ್ತು. 1223ರ ನವೆಂಬರ್ 29ರಂದು ಜಗದ್ಗುರು ಮೂರನೆಯ ಹೊನೊರಿಯಸರು ಸಭೆಯ ನಿಯಮಾವಳಿಯನ್ನು ಸ್ಥಿರೀಕರಿಸಿದರು. ಫ್ರಾನ್ಸಿಸರು ಆ ವರ್ಷದ ಕ್ರಿಸ್ತಜಯಂತಿಗೆ ಬೆಟ್ಟದ ಮೇಲಿನ ಗ್ರೆಚ್ಚಿಯೋ ಎಂಬ ಹಳ್ಳಿಗೆ ಬಂದರು.

ಹಬ್ಬಕ್ಕೆ ಸುಮಾರು ಹದಿನೈದು ದಿನಗಳಿರುವಾಗ ಅವರು ಅಲ್ಲಿನ ಜೊವಾನ್ನಿ ಎಂಬ ಕುಲೀನ ಗೃಹಸ್ಥರಿಗೆ ಹೇಳಿಕಳುಹಿಸಿದರು. ಬೆತ್ಲೆಹೇಮಿನ ಕಂದನು ಪಟ್ಟ ಕೊರತೆಯನ್ನು, ಹುಲ್ಲಿನ ಮೇಲೆ ಮಲಗಿದ್ದನ್ನು, ಎತ್ತು ಕತ್ತೆಗಳ ಸನಿಹವನ್ನು ತಾವು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ. ಆ ರಾತ್ರಿ ಪಂಜು ಹಿಡಿದು ಸುತ್ತಲಿನ ಹಳ್ಳಿಗರು ಬೆಟ್ಟ ಹತ್ತಿ ಬಂದರು. ಗೋದಲಿಯ ಮೇಲೆ ಬಲಿಪೂಜೆ ನಡೆಯಿತು. ಫ್ರಾನ್ಸಿಸರು ಗುರುಪಟ್ಟ ಪಡೆದವರಲ್ಲ, ಸೇವಾದರ್ಶಿ ಮಾತ್ರ. ಅವರು ಶುಭಸಂದೇಶವನ್ನು ಹಾಡಿ ಪ್ರಬೋಧನೆ ಮಾಡಿದರು. ಗೋದಲಿಯಲ್ಲಿ ನಿದ್ರಿಸುತ್ತಿದ್ದ ಶಿಶುವೊಂದನ್ನು ಅವರು ಎಬ್ಬಿಸಿದಂತೆ ಅಲ್ಲಿದ್ದ ಒಬ್ಬರಿಗೆ ದರ್ಶನವಾಯಿತೆಂದು ಚೆಲಾನೊದ ತೋಮಸರು ಬರೆದಿದ್ದಾರೆ. ಆ ಹುಲ್ಲನ್ನು ತೆಗೆದಿರಿಸಿ ಕಾಯಿಲೆಯ ದನಗಳಿಗೆ ತಿನ್ನಿಸಿದರಂತೆ.

ಆ ವರದಿಯಲ್ಲಿ ಮಾತೆ ಮರಿಯಮ್ಮನವರ, ಸಂತ ಜೋಸೆಫರ ಪ್ರತಿಮೆಗಳ ಸುದ್ದಿಯೇ ಇಲ್ಲವೆಂಬುದು ಕುತೂಹಲದ ಸಂಗತಿ. ಬೆಲೆಬಾಳುವ ಯಾವುದೂ ಅಲ್ಲಿರಲಿಲ್ಲ. ಕೊಟ್ಟಿಗೆಯ ಹುಲ್ಲು, ಉಳುವ ಎತ್ತು, ಹೊರೆ ಹೊರುವ ಕತ್ತೆ, ಹಳ್ಳಿಯವರೇ ಹಿಡಿದ ಪಂಜು, ಇಷ್ಟೇ.

ಮರುವರ್ಷ ಲಾ ವೆರ್ನಾ ಬೆಟ್ಟದಲ್ಲಿ ಪ್ರಭುವಿನ ಪಂಚಗಾಯಗಳು ಅವರ ದೇಹದಲ್ಲಿ ಮೂಡಿದವು. ದೃಷ್ಟಿ ಬಹುಮಟ್ಟಿಗೆ ಹೋಯಿತು. 1226ರ ಅಕ್ಟೋಬರ್ 3ರ ಸಂಜೆ, ತಾವು ದುರಸ್ತಿ ಮಾಡಿದ್ದ ಪೋರ್ಸಿಯುಂಕುಲದ ಗುಡಿಯ ಬಳಿ ಅವರು ಕಣ್ಮುಚ್ಚಿದರು. ಅದಕ್ಕೆ ಮೊದಲು ತಮ್ಮನ್ನು ಬರಿಯ ನೆಲದ ಮೇಲೆ ಮಲಗಿಸುವಂತೆ ಸಹೋದರರನ್ನು ಕೇಳಿಕೊಂಡಿದ್ದರು. ಎರಡೇ ವರ್ಷಗಳಲ್ಲಿ, 1228ರಲ್ಲಿ, ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ಅವರ ಸಭೆಯ ಸಹೋದರರ ಮಠವೊಂದು ನಮ್ಮ ಬಿ.ಟಿ.ಎಂ. ಬಡಾವಣೆಗೆ ದೂರವಲ್ಲದ ಹೊಸೂರು ರಸ್ತೆಯಲ್ಲಿ ಸಂತ ಅಂತೋನಿಯವರ ಹೆಸರಿನಲ್ಲಿದೆ.

ಗೋದಲಿ ಮಾತ್ರ ಗ್ರೆಚ್ಚಿಯೋದಿಂದ ಬೇರೆ ದಾರಿಗಳನ್ನೂ ಹಿಡಿಯಿತು. 13ನೆಯ ಶತಮಾನ ಮುಗಿಯುವ ಮೊದಲೇ ರೋಮಿನ ಸಂತ ಮರಿಯಮ್ಮನವರ ಮಹಾದೇವಾಲಯಕ್ಕೆ ಶಿಲ್ಪಿ ಆರ್ನೊಲ್ಫೊ ದಿ ಕಾಂಬಿಯೊ ಅಮೃತಶಿಲೆಯ ಗೋದಲಿ ಕಡೆದರು. ನೇಪಲ್ಸಿನ ಶ್ರೀಮಂತರು ಸುಟ್ಟಮಣ್ಣಿನ ಗೊಂಬೆಗಳಿಗೆ ರೇಷ್ಮೆ ಉಡಿಸಿದರು. ಅದನ್ನು ಬಡವರ ಮನೆಗೆ ತಂದದ್ದು ಹಸಿಮಣ್ಣು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಚರ್ಚುಗಳಿಗೆ ಬೀಗ ಬಿದ್ದಾಗ ಜನರು ಮನೆಯೊಳಗೇ ಗೋದಲಿ ಮಾಡತೊಡಗಿದರು. ಮಾರ್ಸೇ ನಗರದ ಜಾನ್ ಲೂಯಿ ಲಾನೆಲ್ (1764–1822) ಗಾರೆಯ ಅಚ್ಚಿನಲ್ಲಿ ಜೇಡಿಮಣ್ಣನ್ನು ಒತ್ತಿ, ಯಾರು ಬೇಕಾದರೂ ಕೊಳ್ಳಬಹುದಾದ ಪುಟ್ಟ ಗೊಂಬೆಗಳನ್ನು ಮಾಡಿದರು. ಅವುಗಳಲ್ಲಿ ಕುರುಬರ ಜೊತೆಗೆ ಬೆಸ್ತ, ರೊಟ್ಟಿಯವ ಮೊದಲಾದ ಊರಿನ ಜನರೆಲ್ಲ ಸೇರಿಕೊಂಡರು. ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಗ್ರೆಚ್ಚಿಯೋದಲ್ಲಿ ಸಹಿ ಹಾಕಿದ ಪತ್ರದಲ್ಲಿ, ಶುಭಸಂದೇಶದಲ್ಲಿಲ್ಲದ ಇಂತಹ ಗೊಂಬೆಗಳನ್ನು ಮಕ್ಕಳು ಸೇರಿಸುವುದನ್ನು ಮೆಚ್ಚಿ ಬರೆದರು.

ಈ ಮೆಚ್ಚುಗೆ ನಮಗೆ ಸ್ವಲ್ಪ ಚುಚ್ಚಿದ್ದುಂಟು. ಕೆಲವು ವರ್ಷಗಳ ಹಿಂದೆ ಧರ್ಮೋಪದೇಶದ ತರಗತಿಯ ಮಕ್ಕಳು ದೇವಾಲಯದ ಗೋದಲಿಗೆಂದು ಮಣ್ಣಿನಲ್ಲಿ ಕುರಿಗಳನ್ನೂ, ಒಬ್ಬ ಹೂವಾಡಗಿತ್ತಿಯನ್ನೂ, ಒಂದು ಆಟೋರಿಕ್ಷಾವನ್ನೂ ಮಾಡಿ ತಂದಿದ್ದರು. ಹಬ್ಬಕ್ಕೆ ಬರುವ ಅತಿಥಿಗಳು ಏನೆಂದುಕೊಂಡಾರೋ ಎಂದು ನಾವು ಅವನ್ನೆಲ್ಲ ಪರದೆಯ ಹಿಂದಕ್ಕೆ ಸರಿಸಿ, ಕೊಂಡುತಂದ ಗೊಂಬೆಗಳನ್ನು ಮುಂದಿಟ್ಟೆವು. ರಾತ್ರಿ ಪೂಜೆ ಮುಗಿದ ಮೇಲೆ ಹುಡುಗನೊಬ್ಬ ಅಜ್ಜಿಯ ಕೈಹಿಡಿದು ಬಂದು, ತನ್ನ ಆಟೋವನ್ನು ಹುಡುಕಿ, ಕಾಣದೆ, ಏನೂ ಕೇಳದೆ ಹೋದ. ಗ್ರೆಚ್ಚಿಯೋದ ಎತ್ತನ್ನು ಹಿಂದಕ್ಕೆ ಅಟ್ಟಿದ ಪಾಪ ನಮ್ಮದೆಂದು ಅಂದು ರಾತ್ರಿ ನಿದ್ರೆ ಬರಲಿಲ್ಲ. ಬೆಳಗಿನ ಪೂಜೆಗೆ ಮೊದಲೇ ಪರದೆಯ ಹಿಂದಿನದೆಲ್ಲ ಮುಂದೆ ಬಂತು. ಆ ಹುಡುಗ ಮಾತ್ರ ಅಂದು ಬರಲಿಲ್ಲ.

ಈಗ ಮಣ್ಣಿನ ಕೆಲಸವನ್ನು ನಾವೂ ಮಕ್ಕಳೊಡನೆ ಕುಳಿತು ಕಲಿತಿದ್ದೇವೆ. ಅಂಗಡಿಯ ಬಣ್ಣದ ಮಣ್ಣು ಎಣ್ಣೆ ಬೆರೆತದ್ದು, ಒಣಗುವುದಿಲ್ಲ, ಮುಂದಿನ ವರ್ಷಕ್ಕೆ ಇಡಲು ಬಾರದು. ಗೌರಿ ಗಣೇಶನ ಮೂರ್ತಿ ಮಾಡುವ ಜೇಡಿಮಣ್ಣೇ ಉತ್ತಮ. ಪಾಟರಿ ಟೌನಿನ ಕುಂಬಾರರನ್ನು ವಿಚಾರಿಸಬಹುದು. ಗಾಳಿ ಉಳಿಯದಂತೆ ಚೆನ್ನಾಗಿ ನಾದಬೇಕು. ತಲೆ ಅಥವಾ ಕೈ ಅಂಟಿಸುವಲ್ಲಿ ಮೊದಲು ಗೀರಿ, ನೀರಿನಲ್ಲಿ ಕದಡಿದ ಮಣ್ಣು ಹಚ್ಚಿದರೆ ಕಳಚಿ ಬೀಳದು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಲಿ. ನಿಂತ ಕುರಿಯ ಕಾಲು ಮುರಿಯುವುದೇ ಹೆಚ್ಚು, ಚಿಕ್ಕ ಮಕ್ಕಳಿಗೆ ಮಲಗಿದ ಕುರಿಯನ್ನೇ ಹೇಳಿಕೊಡಿ. ಬಾಲಯೇಸುವನ್ನು ಮಾಡುವ ಸರದಿ ಯಾರದೆಂಬುದನ್ನು ಮಾತ್ರ ಮೊದಲೇ ಚೀಟಿ ಎತ್ತಿ ನಿರ್ಧರಿಸಿಕೊಳ್ಳಬೇಕು. ಕಳೆದ ಸಲ ನಮ್ಮಲ್ಲಿ ಆರು ಬಾಲಯೇಸುಗಳಾಗಿ, ಆರನ್ನೂ ಒಂದೇ ಹುಲ್ಲಿನ ಮೇಲೆ ಮಲಗಿಸಬೇಕಾಯಿತು.