ಅರ್ಥ ಕೆಡಿಸಿ ಅರ್ಥ ತಿಳಿಸಿದ ಕಸ್ತೂರಿ

ಮಳೆ ಕೈಕೊಟ್ಟ ವರ್ಷಗಳಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ‘ಬರದ ಪರಿಹಾರ’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಸರ್ಕಾರದ ಲೆಕ್ಕದಲ್ಲಿ ಅದು ಬರಗಾಲಕ್ಕೆ ನೀಡುವ ಪರಿಹಾರ. ಆಡುಮಾತಿನಲ್ಲಾದರೋ ‘ಬರದ’ ಎಂದರೆ ‘ಬಾರದ’ ಎಂದೂ ಆಗುತ್ತದೆ. ಅರ್ಜಿ ಕೊಟ್ಟು ಕಾದು ಕುಳಿತ ರೈತನಿಗೆ ಈ ಎರಡನೆಯ ಅರ್ಥವೇ ಹೆಚ್ಚು ನಿಜವೆಂದು ತೋರಿದರೆ ಅದನ್ನು ವ್ಯಾಕರಣದ ದೋಷವೆನ್ನಲಾಗದು. ಆಶ್ವಾಸನೆಯೂ ಅನುಭವವೂ ಒಂದೇ ಪದದೊಳಗೆ ಹೀಗೆ ಎದುರುಬದುರಾಗುವ ಗಳಿಗೆಯನ್ನು ಹಿಡಿದು, ಅದರಿಂದಲೇ ಒಂದು ಪುಸ್ತಕ ಕಟ್ಟಿದವರು ನಾ. ಕಸ್ತೂರಿ. ಕನ್ನಡದ ಹಾಸ್ಯ ಸಾಹಿತಿಗಳನ್ನು ಎಣಿಸುವಾಗ ಅವರ ಹೆಸರು ತಪ್ಪದೆ ಬರುತ್ತದೆ. ಆದರೆ ಆ ಹಾಸ್ಯಕ್ಕೂ ಅವರ ಬದುಕಿನ ಉಳಿದ ಕೆಲಸಗಳಿಗೂ ಇದ್ದ ನಂಟನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಕಸ್ತೂರಿಯವರು ಹುಟ್ಟಿದ್ದು 1897ರ ಡಿಸೆಂಬರ್ 25ರಂದು, ಕೇರಳದ ತ್ರಿಪ್ಪುಣಿತ್ತುರದಲ್ಲಿ. ಪೂರ್ಣ ಹೆಸರು ಕಸ್ತೂರಿ ರಂಗನಾಥ ಶರ್ಮ. ಎಂ.ಎ., ಬಿ.ಎಲ್. ಪದವಿಗಳನ್ನು ಪಡೆದು, ತಾರುಣ್ಯದಲ್ಲಿಯೇ ಅಧ್ಯಾಪಕ ವೃತ್ತಿಯನ್ನು ಅರಸಿ ಮೈಸೂರಿಗೆ ಬಂದರು. ಕನ್ನಡ ಅವರ ಹುಟ್ಟುನುಡಿಯಲ್ಲ. ಬೆಳೆದ ಮೇಲೆ ಕಿವಿಗೊಟ್ಟು ಕಲಿತ ನುಡಿ. ಅವರ ಪ್ರತಿಭೆಯ ಮೂಲವನ್ನು ಇಲ್ಲಿ ಹುಡುಕುವುದು ಅಸಂಗತವಾಗಲಾರದು. ತಾಯಿಯಿಂದ ಬಂದ ಭಾಷೆಯ ಪದಗಳನ್ನು ನಾವು ಬಿಡಿಸಿ ನೋಡುವುದಿಲ್ಲ; ಸವೆದ ನಾಣ್ಯದಂತೆ ಕೈಯಿಂದ ಕೈಗೆ ದಾಟಿಸುತ್ತೇವೆ. ಹೊರಗಿನಿಂದ ಬಂದವನು ಪ್ರತಿಯೊಂದು ನಾಣ್ಯವನ್ನೂ ತಿರುಗಿಸಿ ನೋಡುತ್ತಾನೆ, ನೆಲಕ್ಕೆ ಬಡಿದು ಸದ್ದು ಕೇಳುತ್ತಾನೆ. ಕಸ್ತೂರಿಯವರು ಕನ್ನಡದ ಪದಗಳನ್ನು ಪರೀಕ್ಷಿಸಿದ ಬಗೆ ಇದೇ.

ಮೈಸೂರಿನಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದ ಅವರಿಗೆ ಅಲ್ಲಿನ ರಾಮಕೃಷ್ಣ ಆಶ್ರಮದ ನಿಕಟ ಸಂಪರ್ಕವಿತ್ತು. ಕುವೆಂಪು ಅವರ ತಾರುಣ್ಯವನ್ನು ರೂಪಿಸಿದ ಆಶ್ರಮವೂ ಅದೇ. ಆ ವಾತಾವರಣದಲ್ಲಿ ಸೇವೆಯೆಂದರೆ ಭಾಷಣದ ವಿಷಯವಾಗಿರಲಿಲ್ಲ. ವಿದ್ಯಾರ್ಥಿಗಳನ್ನು ಜೊತೆಗೂಡಿಸಿಕೊಂಡು ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸಕ್ಕೆ ಕಸ್ತೂರಿ ಇಳಿದರು. ಹಗಲಿನಲ್ಲಿ ಪದವಿ ತರಗತಿಗಳಿಗೆ ಸಾಮ್ರಾಜ್ಯಗಳ ಏಳುಬೀಳು, ಬಿಡುವಿನಲ್ಲಿ ದುಡಿದು ದಣಿದ ಜನರಿಗೆ ವರ್ಣಮಾಲೆ.

1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಖಾಸಗಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರು ಸೂಚಿಸಿದವರು ಕಸ್ತೂರಿಯವರೇ ಎಂದು ಮೈಸೂರಿನವರು ಹೇಳುತ್ತ ಬಂದಿದ್ದಾರೆ. ಪದ ಹಳೆಯದು, ಕಂಸನಿಗೆ ಮೃತ್ಯುವಿನ ಸೂಚನೆ ಕೊಟ್ಟ ಅಶರೀರವಾಣಿಯ ನೆನಪು ಅದರಲ್ಲಿದೆ. ಪುರಾಣದ ಆ ದನಿಯನ್ನು ಮನೆಯೊಂದರ ಕೋಣೆಯಿಂದ ಹೊರಡುವ ಸುದ್ದಿ, ಸಂಗೀತಗಳಿಗೆ ಅಂಟಿಸಿದ್ದೇ ಹೊಸತು. ಅದರಲ್ಲಿ ಒಂದು ಮುಗುಳ್ನಗೆಯೂ ಇದ್ದಿರಬೇಕು. 1950ರ ದಶಕದ ಉತ್ತರಾರ್ಧದಲ್ಲಿ ಭಾರತ ಸರ್ಕಾರವೇ ತನ್ನ ಬಾನುಲಿ ಸಂಸ್ಥೆಗೆ ಆ ಹೆಸರನ್ನು ಇಟ್ಟುಕೊಂಡಿತು. ಸರಸವಾಗಿ ಬಳಸಿದ ಪದವೊಂದು ಗಂಭೀರ ಸರ್ಕಾರಿ ನಾಮಫಲಕವಾದ ಇಂಥ ಉದಾಹರಣೆ ನಮ್ಮಲ್ಲಿ ಇನ್ನೊಂದಿದೆಯೇ ಎಂಬುದು ಅನುಮಾನ.

1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ‘ರಾಶಿ’ಯವರು, ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಯುದ್ಧದ ಕಾಲ; ಅಕ್ಕಿಗೂ ಸೀಮೆಎಣ್ಣೆಗೂ ಸಾಲು ನಿಲ್ಲಬೇಕಾದ ದಿನಗಳು. 1967ರವರೆಗೆ ನಡೆದ ಆ ಪತ್ರಿಕೆಯ ಪ್ರಮುಖ ಲೇಖಕರಲ್ಲಿ ಕಸ್ತೂರಿಯವರೂ ಒಬ್ಬರು. ಕಾದಂಬರಿ, ನಾಟಕ, ಹರಟೆ, ಅಣಕವಾಡು ಎಲ್ಲವನ್ನೂ ಬರೆದ ಅವರನ್ನು ಇಂದಿಗೂ ಜನ ನೆನೆಯುವುದು ‘ಅನರ್ಥಕೋಶ’ದ ಕರ್ತೃವೆಂದು. ಆ ಹೆಸರಿನಲ್ಲಿಯೇ ಪುಸ್ತಕದ ಗುಟ್ಟು ಅಡಗಿದೆ. ಅನರ್ಥವೆಂದರೆ ಕೇಡು, ಅರ್ಥವಲ್ಲದ್ದೂ ಅನರ್ಥವೇ. ಸಂಸ್ಕೃತ ಸಮಾಸವೊಂದನ್ನು ಎತ್ತಿಕೊಂಡು, ತಪ್ಪಾದ ಜಾಗದಲ್ಲಿ ಒಡೆದು, ಒಳಗೆ ಅಡಗಿದ ಕನ್ನಡ ಪದವನ್ನು ಹೊರಗೆ ತಂದು, ಅದರಿಂದ ನಿತ್ಯಜೀವನದ ಒಂದು ವಿಪರ್ಯಾಸಕ್ಕೆ ಹೆಸರಿಡುವುದು ಅವರ ಕ್ರಮ.

ಅಮೆರಿಕದ ಆಂಬ್ರೋಸ್ ಬಿಯರ್ಸ್ 1911ರಲ್ಲಿ ‘ಸೈತಾನನ ನಿಘಂಟು’ ಪ್ರಕಟಿಸಿದ್ದ. ಅವನ ವ್ಯಾಖ್ಯೆಗಳಲ್ಲಿ ಕಹಿ ಹೆಚ್ಚು; ಪದದ ರೂಪವನ್ನು ಅವನು ಹಾಗೆಯೇ ಬಿಟ್ಟು ಅರ್ಥವನ್ನಷ್ಟೇ ತಿರುಚುತ್ತಾನೆ. 1983ರಲ್ಲಿ ಇಂಗ್ಲೆಂಡಿನ ಡಗ್ಲಸ್ ಆಡಮ್ಸ್ ಮತ್ತು ಜಾನ್ ಲಾಯ್ಡ್ ಇನ್ನೊಂದು ದಾರಿ ಹಿಡಿದು, ಹೆಸರಿಲ್ಲದ ದಿನನಿತ್ಯದ ಸಂದರ್ಭಗಳಿಗೆ ಊರುಗಳ ಹೆಸರನ್ನೇ ಹಂಚಿಬಿಟ್ಟರು. ಕಸ್ತೂರಿಯವರ ವಿಧಾನ ಇವೆರಡಕ್ಕಿಂತ ಬೇರೆ. ಪದದ ಧ್ವನಿಯೊಳಗೇ ಅದರ ವಿಮರ್ಶೆ ಇದೆ ಎಂಬುದು ಅವರ ನಂಬಿಕೆ. ಆದ್ದರಿಂದಲೇ ಅದು ಬೇರೆ ಭಾಷೆಗೆ ಹೋಗಲಾರದು.

ಅವರ ಪದಗಳನ್ನು ಇಲ್ಲಿ ಉದ್ಧರಿಸುವುದಕ್ಕಿಂತ ಆ ವಿಧಾನವನ್ನು ನಮ್ಮ ಸೀಮೆಯ ಮೇಲೆ ಪ್ರಯೋಗಿಸಿ ನೋಡುವುದು ಮೇಲು. ಕೆಳಗಿನವು ನನ್ನ ಕೂಸುಗಳು. ದೋಷವಿದ್ದರೆ ಅದು ಗುರುವಿನದಲ್ಲ. ‘ಸಹಿಷ್ಣು’ ಎಂದರೆ ಅಧಿಕಾರಿಯ ಒಂದು ಸಹಿಗಾಗಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಸಹಿಸುವವನು. ‘ನಾಳೇಶ್ವರ’ ಎಂದರೆ ಎಷ್ಟು ಸಲ ದರ್ಶನ ಮಾಡಿದರೂ ನಾಳೆ ಬಾ ಎಂದೇ ವರ ಕೊಡುವ ಕಚೇರಿಯ ದೈವ. ‘ಕಾಲುವೆ’ ಎಂದರೆ ತಲೆಯಲ್ಲಿ ಬಿಟ್ಟ ನೀರಿನ ಕಾಲು ಭಾಗವನ್ನಾದರೂ ತುದಿಗೆ ಮುಟ್ಟಿಸಲು ಒದ್ದಾಡುವಂಥದ್ದು. ನಾರಾಯಣಪುರದ ಬಸವಸಾಗರವನ್ನು ನಂಬಿದ ಕೊನೆಯಂಚಿನ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಯಾದಗಿರಿ ಎಂಬ ಹೆಸರಿಗೆ ಯಾದವರ ಗಿರಿ ಎಂಬ ವ್ಯುತ್ಪತ್ತಿ ಪ್ರಸಿದ್ಧವಾಗಿದೆ. ಆದರೆ ಉತ್ತರ ಕರ್ನಾಟಕದಲ್ಲಿ ಯಾದಿ ಎಂದರೆ ಪಟ್ಟಿ. ಗುಮಾಸ್ತಗಿರಿಯಂತೆ ‘ಯಾದಿಗಿರಿ’ಯೂ ಒಂದು ಉದ್ಯೋಗವಾಗಬಹುದು: ಫಲಾನುಭವಿಗಳ ಪಟ್ಟಿ ಮಾಡುವುದು, ತಿದ್ದುವುದು, ಮತ್ತೆ ಮಾಡುವುದು.

ಇದನ್ನು ಬರಿಯ ಚಮತ್ಕಾರವೆಂದು ತಳ್ಳಿಹಾಕಲಾಗದು. ಆಡಳಿತದ ಭಾಷೆಯನ್ನು ದಶಕಗಳ ಕಾಲ ಬರೆದವರಿಗೆ ಒಂದು ಸಂಗತಿ ಗೊತ್ತಿದೆ. ಬೆಂಬಲಕ್ಕೆ ಸರಕಿಲ್ಲದೆ ಅಚ್ಚಾದ ನೋಟು ಬೆಲೆ ಕಳೆದುಕೊಳ್ಳುವಂತೆ, ಬೆನ್ನಿಗೆ ಕೆಲಸವಿಲ್ಲದೆ ಹೊರಬಿದ್ದ ಪದವೂ ಬೆಲೆ ಕಳೆದುಕೊಳ್ಳುತ್ತದೆ. ‘ಶೀಘ್ರ’, ‘ತಾತ್ಕಾಲಿಕ’, ‘ಪರಿಶೀಲನೆಯಲ್ಲಿದೆ’ ಎಂಬ ಪದಗಳ ಇಂದಿನ ವಿನಿಮಯ ದರ ಎಲ್ಲರಿಗೂ ತಿಳಿದದ್ದೇ. ಅನರ್ಥಕೋಶದಂಥ ಪುಸ್ತಕ ಆ ದರವನ್ನು ಬಹಿರಂಗವಾಗಿ ಹೇಳುತ್ತದೆ. ಅರ್ಥವೆಂದರೆ ಹಣವೂ ಹೌದು ಎಂಬುದನ್ನು ಅರ್ಥಶಾಸ್ತ್ರ ಓದಿದವರು ಮರೆಯುವಂತಿಲ್ಲ.

ಕಸ್ತೂರಿಯವರು ಮೈಸೂರಿನಲ್ಲಿ ಪದಗಳೊಡನೆ ಆಡುತ್ತಿದ್ದಾಗ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ಪಹಣಿ, ಫೈಸಲು, ತಕರಾರು ಎಂಬ ಪದಗಳನ್ನು ಜನ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು. ಕಾಗದದ ಮೇಲಿನ ಬರಹ ಮಾತ್ರ ದೂರವೇ ಉಳಿಯಿತು. 1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 2009ರ ಡಿಸೆಂಬರ್ 30ರಂದು ಈ ಮೂರೂ ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ಈ ಜಿಲ್ಲೆಯದು ಶೇ. 51.83, ರಾಜ್ಯದಲ್ಲಿಯೇ ಅತ್ಯಂತ ಕಡಿಮೆ. ಕಚೇರಿಯ ಭಾಷೆ ಕನ್ನಡವಾದರೂ ಅರ್ಧದಷ್ಟು ಜನರಿಗೆ ಕಾಗದ ಹಿಂದಿನಂತೆಯೇ ಮೌನವಾಗಿತ್ತು.

ಮಾತಿನಲ್ಲಿ ಇಲ್ಲಿನವರು ಯಾರಿಗೂ ಕಡಿಮೆಯಿಲ್ಲ. ಗುಳೆ ಹೊರಟು ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೋಗುವ ಕೂಲಿಕಾರನೂ ಮೇಸ್ತ್ರಿಗೆ ಅಡ್ಡಹೆಸರಿಡಬಲ್ಲ. ಆದರೆ ಹೆಬ್ಬೆಟ್ಟು ಒತ್ತುವ ಕರಾರಿನ ಪದಗಳನ್ನು ಒಡೆದು ನೋಡಲು ಅವುಗಳನ್ನು ಮೊದಲು ಓದಬೇಕು. ಬಾಯಿಮಾತಿನ ವ್ಯಂಗ್ಯ ಗಾಳಿಗೆ ಹೋಗುತ್ತದೆ. ಬರಹಕ್ಕೆ ಬರಹದಲ್ಲಿಯೇ ಉತ್ತರ ಕೊಡಬೇಕಾಗುತ್ತದೆ. ಪದಗಳನ್ನು ಒಡೆಯುವ ಆಟವನ್ನೂ ಅಕ್ಷರ ಕಲಿಸುವ ಕೆಲಸವನ್ನೂ ಒಬ್ಬನೇ ಮನುಷ್ಯ ಮಾಡಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ದಾವಣಗೆರೆಯ ಕಾಲೇಜಿನ ಪ್ರಾಂಶುಪಾಲರಾಗಿ 1954ರಲ್ಲಿ ನಿವೃತ್ತರಾದ ಕಸ್ತೂರಿಯವರು ಅನಂತರ ಬೆಂಗಳೂರು ಬಾನುಲಿ ಕೇಂದ್ರದಲ್ಲಿಯೂ ದುಡಿದರು. ತಕಳಿ ಶಿವಶಂಕರ ಪಿಳ್ಳೆಯವರ ‘ಚೆಮ್ಮೀನ್’ ಕಾದಂಬರಿಯನ್ನು ಕನ್ನಡಕ್ಕೆ ತಂದು ಹುಟ್ಟಿದ ನಾಡಿನ ಋಣವನ್ನೂ ತೀರಿಸಿದರು. ಅಷ್ಟರಲ್ಲಿ ಅವರ ಬದುಕು ಪುಟ್ಟಪರ್ತಿಯತ್ತ ತಿರುಗಿತ್ತು. 1958ರಲ್ಲಿ ಆರಂಭವಾದ ‘ಸನಾತನ ಸಾರಥಿ’ ಪತ್ರಿಕೆಯ ಸಂಪಾದಕರಾಗಿ, ಸತ್ಯಸಾಯಿಬಾಬಾ ಅವರ ಜೀವನಚರಿತ್ರೆಕಾರರಾಗಿ ಕೊನೆಯ ದಶಕಗಳನ್ನು ಕಳೆದು 1987ರ ಆಗಸ್ಟ್ 14ರಂದು ನಿಧನರಾದರು. ಎಲ್ಲವನ್ನೂ ನಗೆಯ ಒರೆಗೆ ಹಚ್ಚಿದವರು ಪ್ರಶ್ನಾತೀತ ಭಕ್ತಿಗೆ ಒಲಿದದ್ದು ಅವರ ಓದುಗರಲ್ಲಿ ಹಲವರಿಗೆ ಒಗಟಾಗಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಆ ಒಗಟನ್ನು ಬಿಡಿಸುವ ಹೊಣೆ ಈ ಲೇಖನದ್ದಲ್ಲ. ಅವರು ಕೊಟ್ಟು ಹೋದ ಉಪಕರಣ ಮಾತ್ರ ನಮ್ಮ ಬಳಿ ಇದೆ.

ಸಗರನಾಡಿನ ಶಾಲೆಗಳಲ್ಲಿ ಇಂದು ಕನ್ನಡ ಕಲಿಯುತ್ತಿರುವ ಮಕ್ಕಳಲ್ಲಿ ಹಲವರು ತಮ್ಮ ಮನೆಗಳಲ್ಲಿ ಅಕ್ಷರ ಕಂಡ ಮೊದಲಿಗರು. ಅವರಿಗೆ ಪದಗಳ ಅರ್ಥ ಬರೆಸಿ ಬಾಯಿಪಾಠ ಮಾಡಿಸುವುದರ ಜೊತೆಗೆ, ವಾರಕ್ಕೊಮ್ಮೆ ಒಂದು ಪದದ ಅನರ್ಥ ಬರೆಯಲು ಹೇಳಿದರೆ ಹೇಗೆ? ಇದಕ್ಕೆ ಅನುದಾನ ಬೇಕಿಲ್ಲ, ಆದೇಶವೂ ಬೇಕಿಲ್ಲ. ಪದವನ್ನು ಒಡೆದು ನೋಡಲು ಕಲಿತ ಹುಡುಗಿ ಮುಂದೊಂದು ದಿನ ತನ್ನ ತಂದೆಯ ಹೆಸರಿನ ಕಾಗದವನ್ನು ಕಚೇರಿಯಲ್ಲಿ ಕೈಗೆತ್ತಿಕೊಂಡಾಗ, ಅದರಲ್ಲಿ ಬರೆದದ್ದನ್ನೂ ಬರೆಯದೆ ಬಿಟ್ಟದ್ದನ್ನೂ ಓದಬಲ್ಲಳು.