ಸಹಕಾರಧುರೀಣ ಮೊಳಹಳ್ಳಿ ಶಿವರಾಯರು

ಹಸಿದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬುದು ಸರ್ವವಿದಿತವಾದ ವಿಷಯ. ಆದರೆ ಹಸಿದವನು ಸ್ವಂತ ದುಡಿಮೆಯಿಂದಲೇ ಉಂಡು, ನಾಲ್ವರಿಗೆ ಇಕ್ಕುವಂತಾಗುವ ದಾರಿಯನ್ನು ಮಾಡಿಕೊಡುವವರು ವಿರಳ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನಲ್ಲಿ ಬಾಳಿದ ಮೊಳಹಳ್ಳಿ ಶಿವರಾಯರು ಅಂತಹ ವಿರಳ ಪುರುಷರಲ್ಲೊಬ್ಬರು. ಕಾಯಕ ದಾಸೋಹಗಳ ಅರ್ಥವನ್ನರಿತ ಸದ್ಭಕ್ತರಿಗೆ ಇವರ ಚರಿತ್ರೆಯು ಆದರಣೀಯವಾಗುವುದೆಂದು ನಂಬಿ ಅದನ್ನಿಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಶಿವರಾಯರು 1880ರಲ್ಲಿ ಜನಿಸಿದರು. ವಕೀಲಿ ವೃತ್ತಿಯನ್ನು ಕೈಕೊಂಡು ಪುತ್ತೂರನ್ನೇ ಕರ್ಮಭೂಮಿಯನ್ನಾಗಿ ಮಾಡಿಕೊಂಡರು. ಆ ಜಿಲ್ಲೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಸುಳ್ಯ, ಕಡಬಗಳು ಇಂದು ಪ್ರತ್ಯೇಕ ತಾಲೂಕುಗಳಾಗಿದ್ದರೂ ಆ ಕಾಲದಲ್ಲಿ ಅಲ್ಲಿಯ ಗ್ರಾಮಗಳ ಜನರು ಕಚೇರಿ ವ್ಯವಹಾರಗಳಿಗೆ ಪುತ್ತೂರಿನ ಹಾದಿ ಹಿಡಿಯಬೇಕಾಗಿತ್ತು. ಕುಕ್ಕೆ ಸುಬ್ರಹ್ಮಣ್ಯದ ಯಾತ್ರೆಗೆಂದು ಘಟ್ಟವಿಳಿದವರು ಆ ಸೀಮೆಯ ಅಡಿಕೆ ತೋಟಗಳನ್ನು ಕಂಡೇ ಇರುವರು. ನೋಡುವವರ ಕಣ್ಣಿಗೆ ಅವು ತಂಪನ್ನೀಯುತ್ತವೆ. ಬೆಳೆಯುವವನ ಚಿಂತೆ ಬೇರೆ.

ಅಡಿಕೆಯ ಸಸಿಯನ್ನು ನೆಟ್ಟವನು ಫಲಕ್ಕಾಗಿ ಐದಾರು ವರ್ಷಗಳಾದರೂ ಕಾಯಬೇಕು. ಫಲ ಬರಲಾರಂಭಿಸಿದ ಮೇಲೂ ಮಳೆಗಾಲದಲ್ಲಿ ಕೊಳೆರೋಗದ ಭಯ. ಹಣ್ಣಡಿಕೆಯನ್ನು ಕೊಯ್ದು, ಅಂಗಳದಲ್ಲಿ ಒಂದೂವರೆ ತಿಂಗಳ ಬಿಸಿಲಿನಲ್ಲಿ ಒಣಗಿಸಿ, ಸುಲಿದು ಚಾಲಿ ಮಾಡಿದಲ್ಲದೆ ಕೈಗೆ ಕಾಸು ಬಾರದು. ಈ ನಡುವಣ ಖರ್ಚಿಗೆ ರೈತನು ಸಾಹುಕಾರನಲ್ಲಿ ಮುಂಗಡ ತರುತ್ತಿದ್ದನು. ಮುಂಗಡ ಕೊಟ್ಟವನಿಗೇ ಬೆಳೆಯನ್ನೊಪ್ಪಿಸಬೇಕು. ಅವನು ಹೇಳಿದ ಕ್ರಯಕ್ಕೆ ತಲೆಬಾಗಬೇಕು. ಹೀಗೆ ಬಡ್ಡಿಯಲ್ಲೊಮ್ಮೆ, ಕ್ರಯದಲ್ಲೊಮ್ಮೆ ನಷ್ಟವನ್ನನುಭವಿಸಿದವನು ಕಡೆಗೆ ನ್ಯಾಯಸ್ಥಾನದ ಮೆಟ್ಟಿಲೇರಿ, ಪಿತ್ರಾರ್ಜಿತ ತೋಟವನ್ನೂ ಕಳೆದುಕೊಳ್ಳುವ ಸಂಭವವಿದ್ದಿತು. ನ್ಯಾಯಸ್ಥಾನದಲ್ಲಿಯೇ ವೃತ್ತಿ ನಡೆಸುವ ವಕೀಲರಿಗೆ ಇಂತಹ ವ್ಯಾಜ್ಯಗಳ ಒಳಹೊರಗು ತಿಳಿಯದೆ ಇರಲು ಸಾಧ್ಯವೇ? ಅವುಗಳಿಂದ ಜೀವನವನ್ನು ಸಾಗಿಸಬಹುದಾಗಿದ್ದ ಶಿವರಾಯರು ಅವುಗಳ ಮೂಲವನ್ನೇ ಕೀಳುವ ಕೆಲಸಕ್ಕೆ ಕೈಯಿಟ್ಟುದು ಅವರ ಹಿರಿಮೆ.

ಸಹಕಾರ ಪತ್ತಿನ ಸಂಘಗಳ ಶಾಸನವು ಹಿಂದೂಸ್ಥಾನದಲ್ಲಿ 1904ರಲ್ಲಿ ಜಾರಿಗೆ ಬಂದಿತ್ತು. ಇದರ ತತ್ತ್ವವು ಸರಳವಾದುದು. ಒಬ್ಬೊಬ್ಬರಾಗಿ ಸಾಲ ಹುಟ್ಟದ ಹತ್ತು ಜನರು ಒಟ್ಟುಗೂಡಿ, ಪರಸ್ಪರ ಹೊಣೆಗಾರರಾಗಿ, ತಮ್ಮ ಸಣ್ಣ ಪಾಲುಗಳನ್ನೂ ಠೇವಣಿಗಳನ್ನೂ ಒಂದೆಡೆ ಸೇರಿಸಿದರೆ, ಅಗತ್ಯವಿದ್ದವನಿಗೆ ಮಿತವಾದ ಬಡ್ಡಿಗೆ ಹಣ ದೊರೆಯುವುದು. ಬಡ್ಡಿಯ ಲಾಭವೂ ಅವರಲ್ಲಿಯೇ ಉಳಿಯುವುದು. ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ತತ್ತ್ವವು ಸರಳವಾದರೂ ಆಚರಣೆಯು ಕಠಿನ. ಪರರ ಸಾಲಕ್ಕೆ ತಾನು ಹೊಣೆಯಾಗುವುದೆಂದರೆ ಯಾರು ತಾನೇ ಹಿಂಜರಿಯರು? ಮಡಕೆಯಲ್ಲಿಟ್ಟು ಹೂಳಿದ ನಾಣ್ಯವನ್ನು ಹೊರತೆಗೆದು ಸಂಘದ ಪೆಟ್ಟಿಗೆಗೆ ಹಾಕಬೇಕಾದರೆ ಆ ಪೆಟ್ಟಿಗೆಯ ಕೀಲಿಕೈಯುಳ್ಳವನ ನಡತೆಯಲ್ಲಿ ಪೂರ್ಣ ಭರವಸೆ ಬೇಕು. ಲೆಕ್ಕದಲ್ಲಿ ಒಂದು ಕಾಸು ತಪ್ಪಿದರೂ ಸಂಘದೊಡನೆ ತತ್ತ್ವವೂ ಮುಳುಗುವುದು. ಆದುದರಿಂದ ಸಹಕಾರಕ್ಕೆ ನಿಜವಾದ ಮೂಲಧನವು ಪ್ರಾಮಾಣಿಕತೆಯೇ. ಶಿವರಾಯರು ಆ ಭರವಸೆಯನ್ನು ಗಳಿಸಿದರು.

1912ರ ಶಾಸನವು ಸಂಘಗಳ ಸಂಘವನ್ನು ಕಟ್ಟಲು ಅವಕಾಶವನ್ನಿತ್ತಿತು. ಹಳ್ಳಿಯ ಸಂಘಗಳಿಗೆ ಬೆನ್ನೆಲುಬಾಗಿ ಜಿಲ್ಲೆಗೊಂದು ಕೇಂದ್ರ ಬ್ಯಾಂಕು ಅವಶ್ಯವೆಂದು ಬಗೆದು ಇವರು 1914ರಲ್ಲಿ ಪುತ್ತೂರಿನಲ್ಲಿಯೇ ಅದನ್ನು ಆರಂಭಿಸಿದರು. ಜಿಲ್ಲೆಯ ಮುಖ್ಯ ಪಟ್ಟಣವಾದ ಮಂಗಳೂರನ್ನು ಬಿಟ್ಟು ಒಳನಾಡಿನ ಸಣ್ಣ ಊರಿನಲ್ಲಿ ಕೇಂದ್ರ ಬ್ಯಾಂಕು ಹುಟ್ಟಿತೆಂಬುದು ಗಮನಾರ್ಹ. 1925ರಲ್ಲಿ ಅದು ಮಂಗಳೂರಿಗೆ ಸ್ಥಳಾಂತರಗೊಂಡಿತು. ಇಂದಿಗೂ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕೆಂಬ ಹೆಸರಿನಿಂದ ಅದು ನಡೆಯುತ್ತಲಿದೆ.

ಧನದ ದಾರಿದ್ರ್ಯದೊಡನೆ ವಿದ್ಯೆಯ ದಾರಿದ್ರ್ಯವೂ ನೀಗಬೇಕೆಂಬುದು ಅವರ ಆಶಯವಾಗಿದ್ದಿತು. ಪುತ್ತೂರಿನ ಕೊಂಬೆಟ್ಟಿನಲ್ಲಿ 1916ರಲ್ಲಿ ಹೈಸ್ಕೂಲು ಸ್ಥಾಪನೆಯಾದುದು ಅವರ ಶ್ರಮದಿಂದ. ಸುತ್ತಣ ಹಳ್ಳಿಗಳ ಬಾಲಕರಿಗೆ ಅದು ವಿದ್ಯೆಯ ಹೆಬ್ಬಾಗಿಲಾಯಿತು. ಮುಂದೆ ಕೋಟದ ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿ ಮಕ್ಕಳ ಶಿಕ್ಷಣ, ನಾಟಕ, ನಾಡಹಬ್ಬ ಮೊದಲಾದ ಪ್ರಯೋಗಗಳಲ್ಲಿ ತೊಡಗಿದಾಗ ಶಿವರಾಯರು ಅವರಿಗೆ ಒತ್ತಾಸೆಯಾಗಿ ನಿಂತರು. ತನಗಿಂತ ಇಪ್ಪತ್ತೆರಡು ವರ್ಷ ಕಿರಿಯನಾದವನ ಸಾಹಸಕ್ಕೆ ಹೆಗಲು ಕೊಡುವ ಔದಾರ್ಯವು ಎಲ್ಲ ಹಿರಿಯರಲ್ಲಿಯೂ ಕಾಣಬರುವುದಿಲ್ಲ.

ಆದರೂ ಆ ಕಾಲದ ಸಹಕಾರಕ್ಕೆ ಒಂದು ಮೇರೆಯಿದ್ದಿತೆಂಬುದನ್ನು ಮರೆಮಾಚಲಾಗದು. ಸಾಲಕ್ಕೆ ಆಧಾರ ಬೇಕು. ಸ್ವಂತ ಭೂಮಿಯಿಲ್ಲದ ಚಾಲಗೇಣಿಯ ಒಕ್ಕಲು ಯಾವ ಆಧಾರವನ್ನು ಕೊಟ್ಟಾನು? ಉಳುವವನಿಗೆ ಭೂಮಿಯ ಒಡೆತನ ಲಭಿಸಲು 1974ರ ಭೂಸುಧಾರಣೆಯವರೆಗೂ ಕಾಯಬೇಕಾಯಿತು. ಹಾಗೆ ಹೊಸದಾಗಿ ಒಡೆಯನಾದವನು ಸಾಲಕ್ಕಾಗಿ ಮರಳಿ ಸಾಹುಕಾರನ ಬಾಗಿಲಿಗೆ ಹೋಗದಂತೆ ಊರೂರಲ್ಲಿ ಸಹಕಾರ ಸಂಘಗಳು ಸಿದ್ಧವಾಗಿದ್ದುವು. ಮುಂಚೆ ತೋಡಿದ ಬಾವಿ ಆಮೇಲೆ ಬಂದವರ ಬಾಯಾರಿಕೆಯನ್ನೂ ನೀಗಿಸಿತು.

ಶಿವರಾಯರು 1967ರಲ್ಲಿ ಎಂಬತ್ತು ಮೀರಿದ ವಯಸ್ಸಿನಲ್ಲಿ ಕಾಲಾಧೀನರಾದರು. ಜಿಲ್ಲೆಯ ಜನರು ಅವರನ್ನು ಸಹಕಾರ ಪಿತಾಮಹರೆಂದು ಸ್ಮರಿಸುತ್ತಾರೆ. ಅವರು ಗತಿಸಿದ ಆರು ವರ್ಷಗಳಿಗೆ, 1973ರ ಜುಲೈ 11ರಂದು, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಎಂಬ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯು ಮಂಗಳೂರಿನಲ್ಲಿ ಉದಯಿಸಿತು. ಬೆಳೆಗಾರನು ಮಧ್ಯವರ್ತಿಯ ಹಂಗಿಲ್ಲದೆ ತನ್ನದೇ ಸಂಸ್ಥೆಗೆ ಅಡಿಕೆಯನ್ನು ಮಾರುವಂತಾದನು. 1986ರಲ್ಲಿ ಅದೇ ಸಂಸ್ಥೆಯು ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ತೆರೆದು ಕೊಕ್ಕೊ ಬೆಳೆಗೂ ಆಸರೆಯಾಯಿತು. ಸಾಲದ ಕಟ್ಟನ್ನು ಬಿಡಿಸಲು ಶಿವರಾಯರು ಯಾವ ಊರಿನಲ್ಲಿ ತೊಡಗಿದರೋ ಆ ಊರಿಗೇ ಮಾರಾಟದ ಕಟ್ಟು ಬಿಡಿಸಿದ ಸಂಸ್ಥೆಯೂ ಬಂದು ಸೇರಿದುದು ಉಚಿತವಾಗಿಯೇ ಇದೆ.

ಕೊಡುವ ಕೈ ಒಂದಾದರೆ ಬೇಡುವ ಕೈಗಳು ಸಾವಿರವಾಗಿಯೇ ಉಳಿಯುವುವು. ಸಾವಿರ ಕೈಗಳೂ ಒಂದಕ್ಕೊಂದು ಕೊಡುವಂತಾದರೆ ಬೇಡುವವರೇ ಇಲ್ಲವಾಗುವರು. ಶಿವರಾಯರ ಜೀವಿತವು ಇದಕ್ಕೆ ನಿದರ್ಶನ. ಭಕ್ತರೂ ಶಿಷ್ಯರೂ ತಮ್ಮ ತಮ್ಮ ಗ್ರಾಮಗಳಲ್ಲಿ ಇಂತಹ ಪರಸ್ಪರ ವಿಶ್ವಾಸವನ್ನು ಬೆಳೆಸುವಂತಾಗಲೆಂದು ಹಾರೈಸಿ ಈ ಚರಿತ್ರೆಯನ್ನು ಮುಗಿಸುತ್ತೇವೆ.